ಗುತ್ತೆವ್ವ ಉಂಡ ಎಡೆ

ಈ ಸಭೆಯ ಅಧ್ಯಕ್ಷರಾದ ಮಲ್ಲಿಕಸಾಬ ಅವರೇ, ನಮ್ಮೂರಿನಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಹಿರಿಯರಾದ ಗುದ್ಲೆಪ್ಪನವರೇ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಯುವಕ ಸಂಘಗಳ ಪದಾಧಿಕಾರಿಗಳೇ, ಬಲಗಡೆ ಜಮಖಾನದ ಮೇಲೆ ಕುಳಿತಿರುವ ತಾಯಂದಿರೇ, ಎಡಗಡೆ ಕುಳಿತಿರುವ ಹಿರಿಯರೇ, ಒಳಗೆ ಜಾಗ ಸಾಲದೆ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿರುವ ಸಭಿಕರೇ,

ನನ್ನ ಹೆಸರು ಉಡಚಪ್ಪ. ಸವಣೂರು ತಾಲೂಕಿನಲ್ಲಿ ವರದಾ ಹೊಳೆಯ ದಂಡೆಯ ಊರಿನವನು. ಒಂಬತ್ತನೇ ಇಯತ್ತೆಯಲ್ಲಿ ಸಾಲಿ ಬಿಟ್ಟವನು. ಬಿಟ್ಟೆನೋ ಬಿಡಿಸಿದರೋ ಎಂದು ನೀವು ಕೇಳಬಹುದು. ತಪಾಸಣೆಗೆ ಬಂದ ಸಾಹೇಬರು, "ದಿನಾ ಉಪ್ಪಿಟ್ಟು ಕೊಡ್ತಾರೇನಪಾ?" ಎಂದು ಕೇಳಿದರು. ಇಡೀ ವರ್ಗ "ಕೊಡ್ತಾರ್ರೀ" ಎಂದಿತು. ನಾನು ಒಬ್ಬನೇ, "ನೀವು ಬಂದ ದಿನಾ ಕೊಡ್ತಾರ್ರೀ" ಎಂದೆ. ಆಮೇಲೆ ನನಗೂ ಸಾಲಿಗೂ ಹೊಂದಾಣಿಕೆ ಆಗಲಿಲ್ಲ. ಅಂಥವನನ್ನು ಕರೆದು ಸಾಲಿಯ ಸಭಾಭವನದಲ್ಲೇ ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಮುಂದಿನದಕ್ಕೆ ನಾನು ಹೊಣೆಯಲ್ಲ.

ನಗಬೇಡಿ ಎನ್ನುವುದಿಲ್ಲ. ನಗಿರಿ. ಇನ್ನು ಸ್ವಲ್ಪ ಹೊತ್ತಿಗೆ ನಗು ಬರಲಿಕ್ಕಿಲ್ಲ.

ನನಗೆ ಕೊಟ್ಟ ವಿಷಯ "ದಿನನಿತ್ಯದ ಬದುಕಿನಲ್ಲಿ ದಯೆ". ಸನ್ಮಾನಕ್ಕಿಂತ ಮೊದಲೇ ಮಾತಾಡಲು ಬಿಡಿ ಎಂದು ಅಧ್ಯಕ್ಷರನ್ನು ನಾನೇ ಬೇಡಿಕೊಂಡೆ. ಶಾಲು ಹೊದಿಸಿಕೊಂಡ ಮೇಲೆ ಮೈ ಬೆಚ್ಚಗಾಗಿ, ನಿಜ ಹೇಳುವ ಮನಸ್ಸು ಹೊರಟುಹೋಗುತ್ತದೆ. ಮೊದಲು ಒಂದು ತಿದ್ದುಪಡಿ. ಆಮಂತ್ರಣ ಪತ್ರಿಕೆಯಲ್ಲಿ ಹೀಗೆ ಅಚ್ಚಾಗಿದೆ: "ದಿವಂಗತ ಗುತ್ತೆವ್ವ ಇವರಿಗೆ ನಿಸ್ವಾರ್ಥ ಸೇವೆ ಸಲ್ಲಿಸಿದ ಉಡಚಪ್ಪ ಇವರಿಗೆ ಸನ್ಮಾನ". ಹಾನಗಲ್ಲಿನ ಸಂಘದವರದು ತಪ್ಪಿಲ್ಲ. ನಮ್ಮೂರಿನವರು ಬರೆದು ಕಳಿಸಿದ್ದನ್ನು ಅವರು ಅಚ್ಚು ಹಾಕಿಸಿದರು.

ಗುತ್ತೆವ್ವ ಸತ್ತಿಲ್ಲ. ಗುತ್ತೆವ್ವ ಈ ಸಭೆಯಲ್ಲಿದ್ದಾಳೆ. ತಾಯಂದಿರ ಸಾಲಿನ ಕೊನೆಗೆ, ಬಾಗಿಲ ಬಳಿ, ಕೆಂಪು ದಡಿಯ ಸೀರೆ ಉಟ್ಟು ಕುಳಿತಿದ್ದಾಳೆ. ಹೊರಗೆ ನಿಲ್ಲುವಷ್ಟು ಮಂದಿ ಸೇರಿದ್ದರೂ ಆಕೆಯ ಎರಡೂ ಬದಿಗೆ ಜಮಖಾನ ಖಾಲಿ ಇದೆ, ನೋಡಿ. ಹಾನಗಲ್ಲಿನ ಹೆಣ್ಣುಮಕ್ಕಳು ಪಾಪ, ತಿಳಿಯದೆ ಆಕೆಯ ಪಕ್ಕದಲ್ಲಿ ಕುಳಿತಿದ್ದರು. ನಮ್ಮೂರಿನವರು ಬಂದು ಕಿವಿಯಲ್ಲಿ ಏನೋ ಹೇಳಿದರು. ಅವರು ಮಕ್ಕಳನ್ನು ಎತ್ತಿಕೊಂಡು ಆಚೆ ಸರಿದರು. ನಾನು ಇಲ್ಲೇ ಕುರ್ಚಿಯ ಮೇಲೆ ಕುಳಿತು ನೋಡುತ್ತಿದ್ದೆ.

ಸಭಿಕರೇ, ನಮ್ಮೂರು ಕೆಟ್ಟ ಊರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿಯಲ್ಲಿ ಸೌದೆಯ ಹೊರೆ ಇಟ್ಟುಕೊಂಡು ನಿಂತ ಹೆಂಗಸು ಕಂಡರೆ ಯಾರೇ ಆಗಲಿ ಕೈ ಹಚ್ಚಿ ತಲೆಗೆ ಏರಿಸಿ ಮುಂದೆ ಹೋಗುತ್ತಾರೆ. ಹುಲಗೂರಿನ ದರ್ಗಾಕ್ಕೆ ಹೋಗುವವರು ನಮ್ಮ ಕಟ್ಟೆಯ ಮೇಲೆ ಕುಳಿತರೆ ಯಾವ ಜಾತಿ ಎಂದು ಕೇಳುವ ಮೊದಲು ನೀರು, ಬೆಲ್ಲ ಬರುತ್ತದೆ. ಎದುರಿಗೆ ಬಂದವರನ್ನು "ಆರಾಮ ಅದೀರಿ? ಊಟಾ ಆತ್ರಿ?" ಎಂದು ಮಾತಾಡಿಸದೆ ದಾಟುವುದಿಲ್ಲ. ದಯೆ ಎಂದರೆ ಇದೇ ಅಲ್ಲವೇ? ಇದಕ್ಕಿಂತ ದೊಡ್ಡದನ್ನು ನಾನು ಓದಿಲ್ಲ. ನಾನು ಓದಿದ್ದೇ ಕಡಿಮೆ.

ಅಂಥ ಊರಿನಲ್ಲಿ ನಡೆದದ್ದು ಇದು.

ಎಂಬತ್ತನೆಯ ಇಸವಿಯ ಮಳೆಗಾಲ. ಆಗ ನಾನು ಊರಲ್ಲಿರಲಿಲ್ಲ. ನನಗೆ ಒಂದು ಕಡೆ ನಿಂತು ಗೊತ್ತಿಲ್ಲ. ಶಿಗ್ಗಾಂವಿಯಲ್ಲಿ ಲಾರಿ ತೊಳೆದೆ. ಅದು ಬೇಸರವಾಗಿ ಸವಣೂರಿಗೆ ಹೋಗಿ ಖಾರದ ಅಂಗಡಿಯಲ್ಲಿ ಕೊಪ್ಪರಿಗೆಯ ಮುಂದೆ ಕುಳಿತೆ. ಅದೂ ಬೇಸರವಾಗಿ ಉಸ್ಮಾನಸಾಬ ಎನ್ನುವವರ ಎಲೆಬಳ್ಳಿ ತೋಟದಲ್ಲಿ ಎಲೆ ಕೊಯ್ದು ಕಟ್ಟು ಕಟ್ಟುತ್ತಿದ್ದೆ. ನನ್ನ ಕಟ್ಟು ನೋಡಿ ಅವರು, "ಉಡಚಪ್ಪಾ, ನೀ ಎಲಿ ಕಟ್ಟಾಕತ್ತೀಯೋ, ಎತ್ತು ಕಟ್ಟಾಕತ್ತೀಯೋ?" ಎನ್ನುತ್ತಿದ್ದರು. ಹೀಗಾಗಿ ಆ ಮಳೆಗಾಲದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡವರ ಬಾಯಿಂದ ಕೇಳಿದ್ದೇನೆ. ಅವರಲ್ಲಿ ಹಲವರು ಇಲ್ಲೇ ಇದ್ದಾರೆ. ತಪ್ಪಿದ್ದರೆ ಎದ್ದು ಹೇಳಲಿ.

ಗುತ್ತೆವ್ವನಿಗೆ ಒಬ್ಬನೇ ಮಗ, ಅಲ್ಲಿ ತಲೆ ತಗ್ಗಿಸಿ ಕುಳಿತಿರುವ ಮಾಳಪ್ಪ. ಸೊಸೆ ಸಾವಂತ್ರವ್ವ. ಆಷಾಢದಲ್ಲಿ ಒಂದು ಬೆಳಗ್ಗೆ ಅತ್ತೆ ಸೊಸೆಗೆ ಮಜ್ಜಿಗೆಯ ಮೇಲೆ ಜಗಳವಾಯಿತು. ಮಜ್ಜಿಗೆಗೆ ನೀರು ಹೆಚ್ಚಾಯಿತು ಎಂದು ಅತ್ತೆ. ನೀರೇ ಇಲ್ಲದೆ ಮಜ್ಜಿಗೆ ಆಗುವುದು ಹೇಗೆ ಎಂದು ಸೊಸೆ. ಮಾಳಪ್ಪ ಹೆಂಡತಿಯ ಪರವಾಗಿ ಒಂದು ಮಾತು ಆಡಿದ. ಗುತ್ತೆವ್ವ ಚೀಲದಲ್ಲಿ ಒಂದು ಸೀರೆ ಇಟ್ಟುಕೊಂಡು ಯಾರಿಗೂ ಹೇಳದೆ ಹೊರಟಳು. ಹಿರೇಕೆರೂರಿನ ಹತ್ತಿರ ತಂಗಿಯ ಮನೆ. "ಹುಡುಕಿಕೊಂಡು ಬರಲಿ, ತಿಳೀತೈತಿ" ಎಂಬ ಸಿಟ್ಟು. ಹೋಗಿ ನೋಡಿದರೆ ತಂಗಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಳು. ಆಕೆಯ ಚಾಕರಿ ಮಾಡುತ್ತ ಅಲ್ಲೇ ಉಳಿದಳು.

ಇತ್ತ ವರದಾ ಹೊಳೆ ತುಂಬಿ ಬಂತು. ನಮ್ಮ ಊರ ಕೆಳಗಿನ ಜಾಲಿಕಂಟಿಯಲ್ಲಿ ಒಂದು ಹೆಣ್ಣುಹೆಣ ಬಂದು ಸಿಕ್ಕಿತು. ನೀರಿನಲ್ಲಿ ಬಹಳ ದಿನ ಇದ್ದದ್ದು. ಮುಖದ ಗುರುತು ಸಿಗುವಂತಿರಲಿಲ್ಲ. ಎತ್ತರ ಗುತ್ತೆವ್ವನಷ್ಟೇ, ಸೀರೆ ಆಕೆ ಉಟ್ಟು ಹೋದಂಥದೇ ಹಸಿರು. ಸಾವಂತ್ರವ್ವ ದೂರದಿಂದ ಸೀರೆ ನೋಡಿದವಳೇ, "ಯವ್ವಾ, ಒಂದು ಲೋಟಾ ಮಜ್ಜಿಗಿ ಸಲುವಾಗಿ ಹೊಳಿಗೆ ಬಿದ್ದೆಲ್ಲಬೇ!" ಎಂದು ನೆಲಕ್ಕೆ ಬಿದ್ದಳು. ಮಾಳಪ್ಪ ಎದೆ ಎದೆ ಬಡಿದುಕೊಂಡ. ಅಳು ಶುರುವಾದ ಮೇಲೆ ಯಾರು ಹತ್ತಿರ ಹೋಗಿ ನೋಡುತ್ತಾರೆ? ತೊಳೆಯುವ ಹೆಂಗಸರು ತೊಳೆದರು, ಹೊಸ ಸೀರೆ ಸುತ್ತಿದರು. ಮಾಳಪ್ಪನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಇನ್ನು ಸತ್ತವರ ದಿನದ ಊಟ. ನಮ್ಮ ಕಡೆ ಪದ್ಧತಿ ಎಲ್ಲರಿಗೂ ಗೊತ್ತೇ ಇದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ನಡುಮನೆಯಲ್ಲಿ ಎಡೆ ಹಿಡಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡುತ್ತೇವೆ. ಸತ್ತವರು ಬಂದು ಉಂಡು ಹೋಗಲಿ, ನಾವು ನೋಡಬಾರದು ಎಂದು. ಮಾಳಪ್ಪ ಬಡವನಾದರೂ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಝುಣಕದ ವಡೆ, ಆಕೆಯ ಎಲೆ ಅಡಿಕೆ ತಂಬಾಕು, ಮತ್ತೆ ಒಂದು ತಂಬಿಗೆ ಗಟ್ಟಿ ಮಜ್ಜಿಗೆ. ನೀರು ಹಾಕದ ಮಜ್ಜಿಗೆ. ಸಾವಂತ್ರವ್ವ ತಾನೇ ಕಡೆದು ಇಟ್ಟಳಂತೆ, ಅಳುತ್ತ. ಬಾಗಿಲು ಮುಂದೆ ಮಾಡಿದರು. ಊರಿನ ಮಂದಿಯೆಲ್ಲ ಅಂಗಳದಲ್ಲಿ ಕುಳಿತಿತ್ತು. ಮಟಮಟ ಮಧ್ಯಾಹ್ನ.

ಅದೇ ಮಧ್ಯಾಹ್ನ ಗುತ್ತೆವ್ವ ಹಾನಗಲ್ಲಿನ ಬಸ್ಸು ಇಳಿದಳು. ತಂಗಿ ಎದ್ದು ಓಡಾಡುವಂತಾಗಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಹಸಿವೆಯೂ ಆಗಿತ್ತು. ಊರ ಮುಂದಿನಿಂದ ಹೋದರೆ "ತಾನಾಗೇ ತಿರುಗಿ ಬಂದಳು ನೋಡ" ಎಂದು ಮಂದಿ ಆಡಿಕೊಳ್ಳುತ್ತಾರೆಂದು ಹಿತ್ತಲಿನಿಂದ ಒಳಗೆ ಬಂದಳು. ಮನೆಯಲ್ಲಿ ಯಾರೂ ಇಲ್ಲ. ನಡುಮನೆಯಲ್ಲಿ ದೀಪ ಉರಿಯುತ್ತಿದೆ. ತುಂಬಿದ ಎಡೆ. ಎಲ್ಲವೂ ತನಗೆ ಸೇರುವ ಪದಾರ್ಥ.

ನೀವಾದರೆ ಏನು ಮಾಡುತ್ತಿದ್ದಿರಿ? ಆಕೆ ಕುಳಿತು ಉಂಡಳು.

ಹೊರಗಿದ್ದವರಿಗೆ ಒಳಗಿನಿಂದ ತಂಬಿಗೆ ನೆಲಕ್ಕೆ ತಾಗಿದ ಸಪ್ಪಳ ಕೇಳಿಸಿತು. ಆಮೇಲೆ ಒಂದು ತೇಗು. ಮಾಳಪ್ಪ ಬಾಗಿಲು ತೆಗೆದ. ಎಡೆ ಖಾಲಿ. ಅದರ ಮುಂದೆ ಅವ್ವ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಾಳೆ. ಮಗನನ್ನು ನೋಡಿ ಆಕೆ ಅಂದದ್ದು ಇಷ್ಟೇ: "ಮಜ್ಜಿಗಿ ಇವತ್ತ ಚಲೋ ಆಗೇತಿ. ಹೂರಣಕ್ಕ ಬೆಲ್ಲಾ ಕಡಿಮಿ."

ಅಂಗಳ ಖಾಲಿಯಾಯಿತು. ಚಪ್ಪಲಿ ಬಿಟ್ಟು ಓಡಿದರು, ಮುದುಕರು ಬಡಿಗೆ ಬಿಟ್ಟು ಓಡಿದರು. ಈಗ ನೀವು ನಗುತ್ತಿದ್ದೀರಿ. ನನಗೂ ಮೊದಲು ನಗು ಬಂತು. ಆದರೆ ಆವತ್ತಿನಿಂದ ಗುತ್ತೆವ್ವ ಸತ್ತವಳಾಗಿಯೇ ಉಳಿದಳು.

ಹೇಗೆ, ಎಂದು ಹಾನಗಲ್ಲಿನವರು ಕೇಳಬಹುದು. ಕಣ್ಣೆದುರಿಗೆ ಓಡಾಡುವವಳು ಸತ್ತವಳಾಗುವುದು ಹೇಗೆ? ಊರ ಹಿರಿಯರು ಗುದ್ಲೆಪ್ಪನವರ ಕಟ್ಟೆಯ ಮೇಲೆ ಸೇರಿದರು. ಗುದ್ಲೆಪ್ಪನವರೇ, ನೀವು ಅಂದದ್ದನ್ನು ನಾನು ಅಂದಹಾಗೆಯೇ ಹೇಳುತ್ತೇನೆ. "ಎಡಿ ಉಂಡಾಕಿ ತಿರುಗಿ ಒಲಿ ಮುಂದ ಕುಂದ್ರಾಕ ಬರೂದಿಲ್ಲ. ಮಣ್ಣ ಕೊಟ್ಟೇವಿ, ಎಡಿ ಹಿಡದೇವಿ, ಆಕಿ ಬಂದು ತಗೊಂಡಾಳ. ಎಲ್ಲಾ ಸುಸೂತ್ರ ಆಗೇತಿ. ಇನ್ನ ಈಕಿ ಜೀವಂತ ಅದಾಳಂದ್ರ, ಹೊಲದಾಗ ಹೂಳಿದ್ದು ಯಾರನ್ನ ಅಂತ ಕೇಳ್ತೈತಿ ಸರಕಾರ. ಯಾರ ಹೇಳಾವರು?"

ಹಿತ್ತಲಲ್ಲಿ ದನದ ಮೇವಿನ ಕಣಿಕೆ ಒಟ್ಟುವ ಗುಡಿಸಲು ಇತ್ತು. ಅದನ್ನು ಸಾರಿಸಿ ಆಕೆಗೆ ಬಿಟ್ಟುಕೊಟ್ಟರು. ಹೊತ್ತು ಹೊತ್ತಿಗೆ ಊಟ ತಪ್ಪಲಿಲ್ಲ. ಸಾವಂತ್ರವ್ವ ತಾಟು ತಂದು ಗುಡಿಸಲಿನಲ್ಲಿ ಇಟ್ಟು, ಬಾಗಿಲು ಮುಂದೆ ಮಾಡಿ, ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಸತ್ತವರಿಗೆ ಮಾಡುವಂತೆಯೇ. ಹಬ್ಬಕ್ಕೆ ಸೀರೆ ಇಟ್ಟರು. ಚಳಿಗೆ ಕಂಬಳಿ ಇಟ್ಟರು. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಒಂದನ್ನು ಮಾತ್ರ ಮಾಡಲಿಲ್ಲ. ಆಕೆ ಕರೆದರೆ ಯಾರೂ "ಓ" ಅನ್ನಲಿಲ್ಲ. ಸತ್ತವರು ಹೆಸರು ಹಿಡಿದು ಕರೆದಾಗ ಓ ಅಂದರೆ ನಮ್ಮ ಉಸಿರು ಅವರ ಹಿಂದೆ ಹೋಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದಕ್ಕೆ.

ಯೋಚಿಸಿ. ನೀವು ಬಾವಿಯ ದಂಡೆಗೆ ಹೋಗುತ್ತೀರಿ. ಮಾತು ನಿಲ್ಲುತ್ತದೆ. "ಸಾವಂತ್ರಿ" ಎನ್ನುತ್ತೀರಿ. ಕೊಡ ತುಂಬುತ್ತಲೇ ಇರುತ್ತದೆ. "ಮಾಳ್ಯಾ, ನನ್ನ ಕಡೆ ನೋಡಪಾ" ಎನ್ನುತ್ತೀರಿ. ಮಗ ಎತ್ತಿನ ಕೊರಳಿನ ಹಗ್ಗ ಬಿಚ್ಚುತ್ತಾನೆ, ಕಟ್ಟುತ್ತಾನೆ, ಮತ್ತೆ ಬಿಚ್ಚುತ್ತಾನೆ. ಅವನ ಕಣ್ಣಲ್ಲಿ ನೀರಿರುತ್ತದೆ, ಬಾಯಲ್ಲಿ ಮಾತಿರುವುದಿಲ್ಲ.

ಮುಂದಿನ ಯುಗಾದಿಗೆ ನಾನು ಊರಿಗೆ ಬಂದೆ. ನನಗೆ ಇದೊಂದೂ ಗೊತ್ತಿರಲಿಲ್ಲ. ಬಾವಿಯ ಹತ್ತಿರ ಹೋಗುತ್ತಿದ್ದಾಗ, "ಉಡಚ್ಯಾ, ಕೊಡಾ ಒಂದೀಟು ಎತ್ತಿ ಕೊಡಪಾ" ಎಂದು ಗುತ್ತೆವ್ವನ ದನಿ ಕೇಳಿತು. "ಓ, ಬಂದೆ ಬೇ" ಎಂದೆ. ಕೊಡ ಎತ್ತಿ ತಲೆಯ ಮೇಲಿಟ್ಟೆ. ಆಕೆ ಕೊಡವನ್ನು ಕೈಬಿಟ್ಟಳು. ಅದು ಬಿದ್ದು ಒಡೆಯಿತು. ಒದ್ದೆಯಾಗಿ ನಿಂತುಕೊಂಡು ನನ್ನ ಬಾಯಿಯನ್ನೇ ನೋಡಿದಳು. "ಏನಂದಿ? ಇನ್ನೊಮ್ಮೆ ಅನ್ನು" ಎಂದಳು. "ಕೊಡಾ ಯಾಕ ಬಿಟ್ಟಿ, ಕೈಗೆ ಏನಾಗೇತಿ ನಿನಗ?" ಎಂದು ಬೈದೆ. ಆಕೆ ಬಿಕ್ಕಿಬಿಕ್ಕಿ ಅತ್ತಳು. "ಬೈ. ಇನ್ನಷ್ಟು ಬೈ, ಬಾಡ್ಯಾ" ಎಂದಳು.

ಇದೇ ನಾನು ಮಾಡಿದ ಸೇವೆ. ಸಭಿಕರೇ, ಇದು ದಯೆಯಲ್ಲ. ನನಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿದ್ದರೆ ನಾನೂ ಹಗ್ಗ ಬಿಚ್ಚುತ್ತ ಕಟ್ಟುತ್ತ ನಿಲ್ಲುತ್ತಿದ್ದೆನೋ ಏನೋ. ಇಲ್ಲ ಎನ್ನಲು ನನಗೆ ಧೈರ್ಯವಿಲ್ಲ.

ಮನೆಗೆ ಬಂದೆ. ನನಗಿಂತ ಮೊದಲು ಸುದ್ದಿ ಬಂದಿತ್ತು. ನನ್ನವ್ವ ಹೊಳೆವ್ವ ಒಲೆಯ ಮುಂದೆ ಕುಳಿತಿದ್ದಳು. ಗೋಡೆಯ ಕಡೆ ಮುಖ ಮಾಡಿಯೇ ಕೇಳಿದಳು, "ಓ ಅಂದೇನು ಆಕಿಗೆ?"

"ಅಂದೆ. ಏನಾತೀಗ?"

"ಸತ್ತಾಕಿಗೆ ಓ ಅಂತಾರೇನಪಾ?"

"ಸತ್ತಾಕಿ ನೀರಿನ ಕೊಡಾ ಹೊರತಾಳೇನ ಬೇ?"

"ಹೊರತಾಳಲ್ಲ, ಅದ ನನಗ ಅಂಜಿಕಿ!" ಎಂದಳು. ಆಮೇಲೆ ಮಾತು ನಿಂತಿತು. ನಿಂತದ್ದು ಪೂರಾ ನಿಂತಿತು. "ಅವ್ವಾ" ಎಂದೆ, ಓ ಅನ್ನಲಿಲ್ಲ. ಜೋರಾಗಿ ಕರೆದೆ, ಅನ್ನಲಿಲ್ಲ. ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿ ನನ್ನ ಮುಂದೆ ಇಟ್ಟಳು. ಎದ್ದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಸಭಿಕರೇ, ನಾನು ಅಂಜುಬುರುಕನಲ್ಲ. ಸ್ಮಶಾನದ ದಾರಿಯಲ್ಲಿ ಹಾಡು ಹೇಳುತ್ತ ಬರುವವನು. ಆದರೆ ಆ ಮುಚ್ಚಿದ ಬಾಗಿಲ ಹಿಂದೆ, ಬಿಸಿ ರೊಟ್ಟಿಯ ಮುಂದೆ ಕುಳಿತಾಗ ಅಂಜಿದೆ. ಎದೆಯ ಮೇಲೆ ಕೈ ಇಟ್ಟುಕೊಂಡು ನೋಡಿದೆ. ಬಡಿಯುತ್ತಿತ್ತು. ಆದರೂ ಒಂದು ಗಳಿಗೆ ನನಗೆ ನಂಬಿಕೆ ಬರಲಿಲ್ಲ. ಒಂದು ಹೊತ್ತಿಗೇ ನನಗೆ ಹೀಗಾದರೆ, ಅಷ್ಟು ದಿನ ಹಾಗೇ ಕುಳಿತವಳಿಗೆ? ಎದ್ದು ಬಾಗಿಲು ಒದ್ದೆ. "ನಾ ಸತ್ತೇನೇನ ಬೇ? ನೋಡು ನನ್ನ ಕಡೆ! ಸತ್ತೇನೇನು?" ಎಂದು ಒದರಿದೆ.

ಅವ್ವ ಕಟ್ಟೆಯ ಮೇಲೆ ಕುಸಿದಳು. "ನೀನೂ ಸತ್ತಿಲ್ಲ, ಆಕಿನೂ ಸತ್ತಿಲ್ಲ" ಎಂದಳು. "ನನಗ ಆವತ್ತಿಂದ ಗೊತ್ತೈತಿ."

ಹೆಣ ತೊಳೆದವರಲ್ಲಿ ನನ್ನವ್ವನೂ ಒಬ್ಬಳು. ಉಳಿದವರು ಮೂಗು ಮುಚ್ಚಿಕೊಂಡು ನೀರು ಸುರಿದರು. ಈಕೆ ಕೈ ಹಚ್ಚಿ ತೊಳೆದಳು. ಕೈ ತೊಳೆಯುವಾಗಲೇ ಇದು ಗುತ್ತೆವ್ವನ ಕೈಯಲ್ಲ ಎಂದು ಗೊತ್ತಾಯಿತು. ಚಿಕ್ಕಂದಿನಿಂದ ಜೊತೆಯಲ್ಲಿ ಕಳೆ ತೆಗೆದ ಕೈ, ಗೊತ್ತಾಗದೆ ಇರುತ್ತದೆಯೇ?

"ಮತ್ತ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರ ಏನ ಮಾಡತಿದ್ರು? ಬಿದಿರಿನ ಗಳಾ ಹಚ್ಚಿ ತಿರುಗಿ ಹೊಳಿಗೆ ನೂಕತಿದ್ರು. ಮುಂದಿನ ಊರವರು ನೋಡಿಕೊಳ್ಳಲಿ, ನಮಗ್ಯಾಕ ಪೊಲೀಸ್ ಕಾಟಾ ಅಂತಿದ್ರು. ಮುಂದಿನ ಊರವರೂ ಹಂಗ ಮಾಡತಿದ್ರು. ಯಾರ ಮಗಳೋ ಏನೋ, ಊರಿಂದ ಊರಿಗೆ ನೂಕಿಸಿಕೋತ ಬಂದಿತ್ತು ಪಾಪ. ಮೈತುಂಬಾ ಗಳದ ಗಾಯಾ ಇದ್ದುವು. ಇಲ್ಲರ ಮಣ್ಣ ಸಿಗಲಿ ಅಂತ ಬಾಯಿ ಮುಚ್ಚಿಕೊಂಡೆ. ಗುತ್ತಿ ತಿರುಗಿ ಬಂದಾಳು, ಆಗ ಎಲ್ಲಾ ಸರಿ ಹೋಗತೈತಿ ಅಂದುಕೊಂಡೆ. ಆಕಿ ಬರೂದು ಬಂದು ಆ ಎಡಿ ಉಣಬೇಕ?"

ಈಗ ಹೇಳಿ. ದಯೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನನ್ನವ್ವ ಮಾಡಿದ್ದು ದಯೆಯೇ ಅಲ್ಲವೇ? ದಯೆಯೇ ಎಂದು ನಾನು ಅನ್ನುತ್ತೇನೆ. ಸತ್ತವಳಿಗೆ ತೋರಿಸಿದ ಆ ದಯೆಯಿಂದ ಬದುಕಿದ್ದವಳ ಹೆಸರು ಗೋರಿಗೆ ಹೋಯಿತು. ಇದನ್ನು ಇಲ್ಲಿ ಹೇಳಲೇ ಎಂದು ಅವ್ವನನ್ನು ಕೇಳಿಯೇ ಬಂದಿದ್ದೇನೆ. "ಹೇಳಪಾ. ನಾ ಮಾತ್ರ ಬರೂದಿಲ್ಲ" ಎಂದಳು.

ನಾನು ಗುತ್ತೆವ್ವನ ಗುಡಿಸಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಿಟ್ಟಾಗುತ್ತಾಳೆ, ನಮ್ಮವ್ವನ ಜುಟ್ಟು ಹಿಡಿಯಲು ಹೊರಡುತ್ತಾಳೆ ಎಂದುಕೊಂಡಿದ್ದೆ. ಆಕೆ ಒಂದೇ ಮಾತು ಕೇಳಿದಳು: "ಹಂಗಾರ ನಾ ಉಂಡದ್ದು ಯಾರ ಎಡಿ?"

ಅವತ್ತಿನಿಂದ ಆಕೆ ಬೇರೆಯಾದಳು. ದಿನಾ ಸಂಜೆ ದನ ಮನೆಗೆ ತಿರುಗುವ ಹೊತ್ತಿಗೆ ಆ ಬದುವಿಗೆ ಹೋಗುತ್ತಾಳೆ. ಊರಿನವರು ಅದನ್ನು ದೂರದಿಂದ ಕಂಡು, ನೋಡು, ತನ್ನ ಗೋರಿಗೆ ತಾನೇ ಹೋಗುತ್ತಾಳೆ ಎಂದು ಇನ್ನಷ್ಟು ಹೆದರಿದರು. ಏನು ಮಾಡುತ್ತಾಳೆ ನೋಡೋಣವೆಂದು ನಾನು ಒಂದು ಸಂಜೆ ಹಿಂದೆ ಹೋದೆ. ಜೋಳ ಎದೆಯುದ್ದ ಬೆಳೆದಿತ್ತು. ಆಕೆ ಗುಂಡಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತು, ಎಲೆ ಹಾಕಿಕೊಳ್ಳುತ್ತ, ಹೊಳೆಯ ಮೇಲುಗಡೆ ಮುಖ ಮಾಡಿದ್ದಳು. ಹಾಗೇ ಕುಳಿತು ಇದ್ದಕ್ಕಿದ್ದ ಹಾಗೆ ಕತ್ತು ಎತ್ತಿ, "ಓ… ಇಲ್ಲೇ ಅದೇನಿ" ಎಂದಳು.

ಅಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ, "ಓ… ಅಳಬ್ಯಾಡ, ಇಲ್ಲೇ ಅದೇನಿ."

"ಯಾರಿಗೆ ಓ ಅನ್ನಾಕತ್ತೀಬೇ?" ಎಂದೆ.

"ಈಕಿ ಮನಿಯವರಿಗೆ" ಎಂದಳು. "ಎಲ್ಲೋ ಕುಂತ ಹೊತ್ತ ಮುಳುಗೂ ಮುಂದ ಕರೀತಾರ. ಮನ್ಯಾಗಿನ ಹೆಣಮಗಳು ಬರಲಿಲ್ಲಂದ್ರ ಕರೀದ ಬಿಡತಾರೇನು? ಈಕಿ ಓ ಅನ್ನಾಕ ಆಗೂದಿಲ್ಲ. ಈಕಿ ಎಡಿ ನಾ ಉಂಡೇನಿ, ಈಕಿ ಓ ನಾ ಅನ್ನಬೇಕು. ಕರೆದಾಗ ಯಾರೂ ಓ ಅನ್ನದಿದ್ರ ಹೆಂಗಿರತೈತಿ ಅಂತ ನನಗ ಗೊತ್ತೈತಿ, ಉಡಚ್ಯಾ."

"ನಿನಗ ಕೇಳಸ್ತೈತೇನು, ಕರಿಯೂದು?"

"ನೀ ಸುಮ್ಮ ಕುಂತ್ರ ನಿನಗೂ ಕೇಳಸ್ತೈತಿ."

ಕುಳಿತೆ. ನನ್ನ ಚಟ ನಿಮಗೆ ಗೊತ್ತಾಗಿದೆ, ಇಲ್ಲದ್ದನ್ನು ಹೇಳುವುದಿಲ್ಲ, ಇದ್ದದ್ದನ್ನು ಬಿಡುವುದಿಲ್ಲ. ಜೋಳದಲ್ಲಿ ಗಾಳಿ ಇತ್ತು. ಹೊಳೆಯ ಸಪ್ಪಳ ಇತ್ತು. ಆ ಎರಡರ ನಡುವೆ ಇನ್ನೊಂದು ಇತ್ತು. ಮೇಲುಗಡೆಯಿಂದ, ಈ ಹಾನಗಲ್ಲಿನ ದಿಕ್ಕಿನಿಂದ, ಎಳೆದು ಕರೆಯುವ ದನಿ. ಹೆಸರು ತಿಳಿಯಲಿಲ್ಲ. ಹೆಂಗಸಿನ ದನಿ ಎನ್ನುವುದು ಮಾತ್ರ ತಿಳಿಯಿತು. ನಾನು ಎದ್ದು ಹಿಂದೆ ನೋಡದೆ ಮನೆಗೆ ಬಂದೆ.

ಆಮೇಲೆ ದಿನಾ ಆಕೆಯ ಹತ್ತಿರ ಹೋಗಿ ಜಗಳ ಮಾಡತೊಡಗಿದೆ. ಎಲೆಗೆ ಸುಣ್ಣ ಹೆಚ್ಚಾಯಿತು ಎಂದು, ಗುಡಿಸಲು ಗುಡಿಸಿಲ್ಲ ಎಂದು, ಏನೋ ಒಂದು. ಆಕೆಯೂ ಬಿಡುತ್ತಿರಲಿಲ್ಲ. "ಸಾಲಿ ಬಿಟ್ಟ ಖೋಡಿ, ನನಗ ಬುದ್ಧಿ ಹೇಳಾಕ ಬಂದಾನ" ಎನ್ನುತ್ತಿದ್ದಳು. ಬೈಯುವಾಗ ಆಕೆಯ ಮುಖಕ್ಕೆ ಬಣ್ಣ ಬರುತ್ತಿತ್ತು. ಆದರೆ ನನ್ನ ಒಬ್ಬನ ಬೈಗುಳದಿಂದ ಎಷ್ಟು ದಿನ? ಒಂದು ದಿನ ಬಿಸಿಲಲ್ಲಿ ನಿಂತು, "ನನ್ನ ನೆರಳು ಬೀಳಾಕತ್ತೈತೇನ ನೋಡಪಾ" ಎಂದು ಕೇಳಿದಳು. ಚೇಷ್ಟೆಗೆ ಕೇಳಿದ್ದಲ್ಲ. ನಾನು ಬೀಳುತ್ತಿದೆ ಎಂದೆ. ಆಕೆ ನಂಬಲಿಲ್ಲ. ನೆರಳಿನ ಸುತ್ತ ಕಲ್ಲು ಇಟ್ಟು ತೋರಿಸಬೇಕಾಯಿತು. ಆಗ ನನಗೆ ನಿಜವಾದ ಅಂಜಿಕೆ ಬಂತು. ಈಕೆ ಹೋಗುತ್ತಿದ್ದಾಳೆ. ದಿನಾ ಸ್ವಲ್ಪ ಸ್ವಲ್ಪ ಆ ಗುಂಡಿಗೆ ಇಳಿಯುತ್ತಿದ್ದಾಳೆ. ನಾವು ಹೀಗೇ ಇನ್ನೊಂದು ಮಳೆಗಾಲ ಕಳೆದರೆ ನಮ್ಮೂರು ಅಂದದ್ದೇ ನಿಜವಾಗುತ್ತದೆ.

ಗುದ್ಲೆಪ್ಪನವರನ್ನು ಕೇಳಿದೆ, ಏನು ಮಾಡಿದರೆ ಆಕೆಯನ್ನು ಒಳಗೆ ಕರೆದುಕೊಳ್ಳುತ್ತೀರಿ ಎಂದು. ಅವರು ಬಹಳ ಯೋಚನೆ ಮಾಡಿ ಹೇಳಿದರು: "ಹೂಳಿದಾಕಿ ಇಂಥಾಕಿ ಅಂತ ಹೆಸರ ಹೇಳಾವರು ಬರಲಿ. ಆ ಮಣ್ಣಿಗೆ ಬ್ಯಾರೆ ಹೆಸರ ಬಂದ್ರ, ಗುತ್ತಿ ಹೆಸರ ಗುತ್ತಿಗೆ ತಿರುಗಿ ಕೊಡತೇವಿ." ಆಗದ ಕೆಲಸ ಎಂದು ತಿಳಿದೇ ಅಂದಿರಬಹುದು. ಆದರೂ ಅಂದಿದ್ದೀರಿ, ಗುದ್ಲೆಪ್ಪನವರೇ. ಈಗ ತಲೆ ಅಲ್ಲಾಡಿಸುತ್ತಿದ್ದೀರಿ. ಹೌದು ಎಂದೇ ತಿಳಿಯುತ್ತೇನೆ.

ಅಷ್ಟರಲ್ಲಿ ಈ ಸನ್ಮಾನದ ಸುದ್ದಿ ಬಂತು. ಸತ್ತವಳಿಗೂ ಅಂಜದೆ ಚಾಕರಿ ಮಾಡುತ್ತಾನೆ ಎಂದು ನಮ್ಮೂರಿನವರೇ ನನ್ನ ಹೆಸರು ಬರೆದು ಕಳಿಸಿದ್ದರು. ಆಗುವುದಿಲ್ಲ ಎನ್ನಲು ಹೊರಟಿದ್ದೆ. ಗುತ್ತೆವ್ವನೇ ತಡೆದಳು. "ಎಲ್ಲಿ ಮಾಡತಾರ?" ಎಂದಳು. ಹಾನಗಲ್ಲಿನಲ್ಲಿ ಎಂದೆ. "ಹೊಳಿ ಮ್ಯಾಲಿಂದ ಬರತೈತಿ. ಈಕಿನೂ ಮ್ಯಾಲಿಂದ ಬಂದಾಳ. ನಾಕ ತಾಲೂಕಿನ ಮಂದಿ ಕೂಡತಾರಂದ್ರ ನೀ ಹೋಗಾಕ ಬೇಕು. ನಾನೂ ಬರತೇನಿ. ಮೈಕಿನ್ಯಾಗ ಕೇಳು" ಎಂದಳು. ಅದಕ್ಕೇ ಬಂದಿದ್ದೇನೆ. ಸನ್ಮಾನಕ್ಕೆ ಬಂದಿಲ್ಲ. ಕೇಳಲು ಬಂದಿದ್ದೇನೆ.

ಹೊಳೆಸಾಲಿನ ಊರಿನವರು ದಯವಿಟ್ಟು ಕೇಳಿರಿ. ಕಿಟಕಿಯಲ್ಲಿ ನಿಂತವರೂ ಕೇಳಿರಿ. ಎಂಬತ್ತನೆಯ ಇಸವಿ, ಆಷಾಢ ಶ್ರಾವಣದ ನೆರೆ. ನಡುವಯಸ್ಸಿನ ಹೆಣ್ಣುಮ‌ಗಳು. ಹಸಿರು ಸೀರೆ, ದಡಿಯಲ್ಲಿ ಹಳದಿ ಗೆರೆ. ಎಡಗಿವಿಯ ಹಾಲೆ ಹರಿದು ಕೂಡಿಕೊಂಡದ್ದು. ಬಲಗೈಯ ಮಣಿಕಟ್ಟಿನ ಮೇಲೆ ಚೇಳಿನ ಹಚ್ಚೆ. ಆ ಚೇಳಿಗೆ ಕೊಂಡಿ ಇಲ್ಲ. ಬಾಲ ಅರ್ಧಕ್ಕೇ ನಿಂತಿದೆ. ಹಚ್ಚೆ ಹಾಕಿಸಿಕೊಳ್ಳುವಾಗ ನೋವು ತಾಳದೆ ಕೈ ಕಿತ್ತುಕೊಂಡು ಓಡಿದ ಹುಡುಗಿ ಇರಬೇಕು ಎಂದು ನಮ್ಮವ್ವ ಅಂದಳು. ನಿಮ್ಮ ಮನೆಯಿಂದ ಇಂಥವಳು ಹೋದವಳು ತಿರುಗಿ ಬಂದಿಲ್ಲವೇ? ಯಾರಾದರೂ ಹೇಳಿರಿ.

ಯಾರಾದರೂ ಇದ್ದೀರಾ?

ಹಿಂದೆ ಕಂಬದ ಹತ್ತಿರ ಒಬ್ಬರು ಎದ್ದು ನಿಂತಿದ್ದಾರೆ. ಅಕ್ಕಾರ, ಕುಂದರಬ್ಯಾಡ್ರಿ. ಅವರ ಕೈ ಹಿಡೀರಿ ಯಾರರ, ಬೀಳತಾರ. ಗುತ್ತೆವ್ವ ಎದ್ದಳು ನೋಡ್ರಿ, ಆಕಿ ಹಿಡೀತಾಳ, ದಾರಿ ಬಿಡ್ರಿ. ಅಂಜಿ ಸರಿಯಾಕ ಏನೈತಿ, ಬರೇ ದಾರಿ ಬಿಡ್ರಿ ಸಾಕು. ಅಕ್ಕಾರ, ನಿಮಗ ಏನಾಗಬೇಕು ಆಕಿ? ತಂಗಿ? ಹಚ್ಚಿ ಹಾಕಸೂ ಮುಂದ ನೀವ ಕೈ ಹಿಡಕೊಂಡಿದ್ರಿ? ದನಿ ಇಲ್ಲೀತನಕ ಬರೂದಿಲ್ಲ, ಹೆಸರ ಅಷ್ಟ ಗುತ್ತೆವ್ವನ ಕಿವ್ಯಾಗ ಹೇಳ್ರಿ, ಆಕಿ ನನಗ ಒದರಿ ಹೇಳತಾಳ.

ಅಡಿವೆವ್ವ.

ಸಭಿಕರೇ, ನಮ್ಮ ಮಾಳಪ್ಪನ ಹೊಲದಲ್ಲಿ ಮಣ್ಣಾಗಿರುವವಳ ಹೆಸರು ಅಡಿವೆವ್ವ. ನಾನು ಈಗ ಈ ಮೈಕಿನಲ್ಲಿ ಆ ಹೆಸರು ಹಿಡಿದು ಒಮ್ಮೆ ಕರೆಯುತ್ತೇನೆ. ಯಾರೂ ಓ ಅನ್ನಬೇಡಿ. ಗುತ್ತೆವ್ವ, ನೀನೂ ಅನ್ನಬ್ಯಾಡ. ಇನ್ನ ಸಾಕು.

ಅಡಿವೆವ್ವಾ…

ಕೇಳಿದಿರಲ್ಲ, ಎಷ್ಟು ಸುಮ್ಮಗಿದೆ. ಸತ್ತವರು ಇಷ್ಟು ಸುಮ್ಮಗೆ ಇರುತ್ತಾರೆ.

ನನ್ನ ಮಾತು ಮುಗಿಯಿತು. ಸನ್ಮಾನ ಮಾಡಲು ನನ್ನಲ್ಲಿ ಏನೂ ಇಲ್ಲ, ಅಧ್ಯಕ್ಷರು ಮನ್ನಿಸಬೇಕು. ಇಷ್ಟು ಹೊತ್ತು ಬಾಯಿ ಕಟ್ಟದೆ ಮಾತಾಡಲು ಬಿಟ್ಟ ಮಲ್ಲಿಕಸಾಬ ಅವರಿಗೆ, ಕೊಟ್ಟ ಮಾತಿನಿಂದ ಹಿಂದೆ ಸರಿಯದ ಗುದ್ಲೆಪ್ಪನವರಿಗೆ, ನೋವಿನಲ್ಲೂ ಎದ್ದು ನಿಂತ ಆ ಅಕ್ಕನಿಗೆ ನನ್ನ ವಂದನೆಗಳು. ಎಲ್ಲರೂ ಒಂದು ಗಳಿಗೆ ಕುಳಿತಲ್ಲೇ ಇರಿ. ಇನ್ನೊಬ್ಬರು ಮಾತಾಡುವುದು ಬಾಕಿ ಇದೆ.

ಮಾಳಪ್ಪಣ್ಣ, ಬಾ. ತಲಿ ಎತ್ತು. ನಾ ಇಳೀತೇನಿ, ಈ ಮೈಕು ಹಿಡಿ. ನಿಮ್ಮವ್ವ ಅಲ್ಲಿ ನಿಂತಾಳ. ಕರಿ ಆಕಿನ್ನ.

ನಮಸ್ಕಾರ.